ಗುತ್ತಿಗೆಯಿಂದ ಖಾಯಂ ಆದವರಿಗೆ ಇಪಿಎಫ್‌ಒದ ಆನ್‌ಲೈನ್ ಪಿಎಫ್ ವರ್ಗಾವಣೆ ಸೇವೆ: ಒಂದು ವಿಮರ್ಶೆ

ಕಾಂಟ್ರಾಕ್ಟರ್ ಕೈಕೆಳಗೆ ಐದಾರು ವರ್ಷ ದುಡಿದು ಅದೇ ಕಾರ್ಖಾನೆಯಲ್ಲಿ ಖಾಯಂ ಆದವರಿಗೆ ಗೇಟು ಅದೇ, ಮೆಷಿನ್ನೂ ಅದೇ, ಶಿಫ್ಟೂ ಅದೇ. ಪಿಎಫ್ ಲೆಕ್ಕದಲ್ಲಿ ಮಾತ್ರ ಅವರು ಒಂದು ಸಂಸ್ಥೆ ಬಿಟ್ಟು ಇನ್ನೊಂದಕ್ಕೆ ಸೇರಿದವರು. ಕಾಂಟ್ರಾಕ್ಟರನ ಪಿಎಫ್ ಕೋಡ್ ಬೇರೆ, ಕಂಪನಿಯ ಕೋಡ್ ಬೇರೆ, ಹಾಗಾಗಿ ಮೆಂಬರ್ ಐಡಿಯೂ ಬೇರೆ. ಹಳೇ ಐಡಿಯಲ್ಲಿ ಕೂಡಿಟ್ಟ ದುಡ್ಡು ಮತ್ತು ಸೇವಾವಧಿ ಎರಡೂ ಹೊಸ ಐಡಿಗೆ ಬರಬೇಕು. ಪಿಎಫ್ ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಇಪಿಎಫ್‌ಒದ ಮೆಂಬರ್ ಪೋರ್ಟಲ್‌ನಲ್ಲಿರುವ ‘ಒನ್ ಮೆಂಬರ್ ಒನ್ ಇಪಿಎಫ್ ಅಕೌಂಟ್’ ಸೇವೆ ಇರುವುದೇ ಇದಕ್ಕೆ. ಹಿಂದೆ ಕಾಗದದಲ್ಲಿ ತುಂಬುತ್ತಿದ್ದ ಫಾರ್ಮ್ 13ರ ಆನ್‌ಲೈನ್ ರೂಪ ಇದು.

ದುಡ್ಡು ತಂದು ಹಾಕುವ ಕೆಲಸವನ್ನು ಈ ಸೇವೆ ಈಗ ಚೆನ್ನಾಗಿಯೇ ಮಾಡುತ್ತದೆ. ಪಿಂಚಣಿಯ ಸೇವಾವಧಿ ವಿಷಯದಲ್ಲಿ ಮಾತ್ರ ಕಾರ್ಮಿಕ ತಾನೇ ಕಣ್ಣಿಟ್ಟು ನೋಡಿಕೊಳ್ಳಬೇಕು, ತಪ್ಪಾದರೂ ಪೋರ್ಟಲ್ ಒಂದು ಎಚ್ಚರಿಕೆ ಕೊಡುವುದಿಲ್ಲ. ಆ ಕಾರಣಕ್ಕೆ 5ಕ್ಕೆ 3.5 ಅಂಕ. ಅರ್ಧ ಅಂಕ ಹೋಗಿದ್ದು ಕನ್ನಡದಲ್ಲಿ ಪೋರ್ಟಲ್ ಇಲ್ಲದಿರುವುದಕ್ಕೆ, ಉಳಿದ ಒಂದು ಪೂರ್ತಿ ಅಂಕ ಪಿಂಚಣಿಗೆ.

ಮೊದಲು ಒಳ್ಳೆಯದನ್ನು ಹೇಳಬೇಕು. 2025ರ ಜನವರಿವರೆಗೆ ವರ್ಗಾವಣೆ ಅರ್ಜಿಗೆ ಹಳೇ ಮಾಲೀಕರೋ ಹೊಸ ಮಾಲೀಕರೋ ಡಿಜಿಟಲ್ ಸಹಿ ಹಾಕಿ ಒಪ್ಪಿಗೆ ಕೊಡಬೇಕಿತ್ತು. ಕಾಂಟ್ರಾಕ್ಟ್ ಕೆಲಸಗಾರರಿಗೆ ಇದೇ ದೊಡ್ಡ ಗೋಡೆ. ಟೆಂಡರ್ ಮುಗಿದು ಹೊಸ ಏಜೆನ್ಸಿ ಬಂದಮೇಲೆ ಹಳೇ ಏಜೆನ್ಸಿಯವರು ಫೋನೇ ಎತ್ತುತ್ತಿರಲಿಲ್ಲ. ಈಗ ಯುಎಎನ್ (ಕೆಲಸ ಎಷ್ಟು ಬದಲಾದರೂ ಪಿಎಫ್ ಸದಸ್ಯರಿಗೆ ಒಂದೇ ಇರುವ ನಂಬರ್) 2017ರ ಅಕ್ಟೋಬರ್ 1ರ ನಂತರ ಕೊಟ್ಟಿದ್ದು, ಆಧಾರ್ ಜೋಡಣೆ ಆಗಿದ್ದರೆ ಯಾವ ಮಾಲೀಕರ ಒಪ್ಪಿಗೆಯೂ ಬೇಕಿಲ್ಲ. ಅದಕ್ಕಿಂತ ಹಳೇ ಯುಎಎನ್ ಆದರೂ ಆಧಾರ್ ಜೋಡಣೆಯಾಗಿ, ಎರಡೂ ಮೆಂಬರ್ ಐಡಿಗಳಲ್ಲಿ ಹೆಸರು, ಹುಟ್ಟಿದ ದಿನಾಂಕ, ಲಿಂಗ ಮೂರೂ ಒಂದೇ ಇದ್ದರೆ ಇದೇ ಅನುಕೂಲ ಸಿಗುತ್ತದೆ. 2025ರ ಏಪ್ರಿಲ್‌ನಲ್ಲಿ ಇನ್ನೊಂದು ಹಂತವೂ ಹೋಯಿತು: ಹಣ ಕಳಿಸುವ ಪಿಎಫ್ ಕಚೇರಿ ಒಪ್ಪಿದರೆ ಸಾಕು, ಪಡೆಯುವ ಕಚೇರಿ ಮತ್ತೆ ಒಪ್ಪಬೇಕಿಲ್ಲ. ಈ ಎರಡು ಬದಲಾವಣೆಗಳು ಕಾರ್ಮಿಕರ ಎಷ್ಟೋ ಅಲೆದಾಟವನ್ನು ತಪ್ಪಿಸಿವೆ.

ಆದರೆ ಅಸಲಿ ಕೆಲಸ ಪೋರ್ಟಲ್‌ಗೆ ಲಾಗಿನ್ ಆಗುವ ಮೊದಲೇ ಶುರುವಾಗುತ್ತದೆ. ಖಾಯಂ ಆರ್ಡರ್ ಜೊತೆಗೆ ಎಚ್‌ಆರ್ ಕೊಡುವ ಕಾಗದದ ಕಟ್ಟಿನಲ್ಲಿ ಫಾರ್ಮ್ 11 ಎಂಬ ಘೋಷಣಾ ಪತ್ರ ಇರುತ್ತದೆ. ಅದರಲ್ಲಿ ಎರಡು ಪ್ರಶ್ನೆ ಬಹಳ ಮುಖ್ಯ. ಹಿಂದೆ ಪಿಎಫ್ ಯೋಜನೆಯ ಸದಸ್ಯರಾಗಿದ್ದಿರಾ? ಹಿಂದೆ ಪಿಂಚಣಿ ಯೋಜನೆಯ, ಅಂದರೆ ಇಪಿಎಸ್‌ನ ಸದಸ್ಯರಾಗಿದ್ದಿರಾ? ‘ಈ ಕಂಪನಿಯಲ್ಲಿ ಇದೇ ಮೊದಲು’ ಅಂದುಕೊಂಡು ಎರಡಕ್ಕೂ ‘ಇಲ್ಲ’ ಎಂದು ಗುರುತು ಹಾಕುವವರು ತುಂಬ ಜನ. ಎಷ್ಟೋ ಕಡೆ ಎಚ್‌ಆರ್‌ನವರೇ ತುಂಬಿ, ಸಹಿ ಮಾತ್ರ ಕೇಳುತ್ತಾರೆ. ಸಹಿಗೆ ಮುಂಚೆ ಆ ಎರಡು ಸಾಲು ಓದಿ. ಕಾಂಟ್ರಾಕ್ಟರ್ ಪಿಎಫ್ ಕಟ್ಟಿದ್ದರೆ ಎರಡಕ್ಕೂ ಉತ್ತರ ಸಾಮಾನ್ಯವಾಗಿ ‘ಹೌದು’. ಕೆಳಗೆ ಹಳೇ ಯುಎಎನ್‌ನ 12 ಅಂಕಿ, ಹಳೇ ಮೆಂಬರ್ ಐಡಿ, ಬಿಟ್ಟ ದಿನಾಂಕ ಬರೆಯಬೇಕು. ತುಂಬಿದ ಫಾರ್ಮ್‌ನ ಫೋಟೋ ಒಂದು ತೆಗೆದಿಟ್ಟುಕೊಳ್ಳಿ.

ಪಿಂಚಣಿ ಪ್ರಶ್ನೆಗೆ ಇಷ್ಟು ಒತ್ತು ಯಾಕೆ ಅಂದರೆ, 2014ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಒಂದು ನಿಯಮ. ಮೊದಲ ಸಲ ಪಿಎಫ್‌ಗೆ ಸೇರುವಾಗಲೇ ಬೇಸಿಕ್ ಮತ್ತು ಡಿಎ ಸೇರಿ 15,000 ರೂಪಾಯಿ ದಾಟಿದ್ದರೆ ಅವರಿಗೆ ಇಪಿಎಸ್ ಇಲ್ಲ, ಮಾಲೀಕರ ಪಾಲಿನ 12% ಪೂರ್ತಿ ಪಿಎಫ್‌ಗೇ ಬೀಳುತ್ತದೆ. ಅದಕ್ಕಿಂತ ಕಡಿಮೆ ಸಂಬಳದಲ್ಲಿ ಆಗಲೇ ಇಪಿಎಸ್ ಸದಸ್ಯರಾದವರು ಮುಂದೆ ಸಂಬಳ ಎಷ್ಟೇ ಏರಿದರೂ ಸದಸ್ಯರಾಗಿಯೇ ಮುಂದುವರಿಯುತ್ತಾರೆ. ಕಾಂಟ್ರಾಕ್ಟ್‌ನಲ್ಲಿ ಬೇಸಿಕ್ 13,500 ಇದ್ದ ವೆಲ್ಡರ್ ಒಬ್ಬರನ್ನು ತೆಗೆದುಕೊಳ್ಳಿ. ಅವರ ಪಾಲು 1,620, ಮಾಲೀಕರ ಪಾಲೂ 1,620. ಮಾಲೀಕರ ಪಾಲಿನಲ್ಲಿ 8.33% ಅಂದರೆ 1,125 ಪಿಂಚಣಿಗೆ, ಉಳಿದ 495 ಪಿಎಫ್‌ಗೆ. ಖಾಯಂ ಆದಮೇಲೆ ಬೇಸಿಕ್ 22,000 ಆಯಿತು ಅನ್ನಿ, ಪೂರ್ತಿ ಬೇಸಿಕ್ ಮೇಲೆ ಕಟ್ಟುವ ಕಂಪನಿಯಲ್ಲಿ ಅವರ ಪಾಲು 2,640. ಮಾಲೀಕರ 2,640ರಲ್ಲಿ 15,000ದ ಮಿತಿಗೆ ಲೆಕ್ಕ ಹಾಕಿ 1,250 ಪಿಂಚಣಿಗೆ ಹೋಗಬೇಕು, 1,390 ಪಿಎಫ್‌ಗೆ. ಎಚ್‌ಆರ್ ಇವರನ್ನು ಹೊಸಬರೆಂದು ಸೇರಿಸಿಬಿಟ್ಟರೆ 2,640 ಪೂರ್ತಿ ಪಿಎಫ್‌ಗೆ ಬೀಳುತ್ತದೆ. ಪಾಸ್‌ಬುಕ್ ನೋಡಿದವರಿಗೆ ದುಡ್ಡು ಜಾಸ್ತಿ ಕಾಣುತ್ತದೆ, ಖುಷಿಯಾಗುತ್ತದೆ. ಅಲ್ಲಿಗೆ ಪಿಂಚಣಿಯ ಸೇವಾವಧಿ ನಿಂತುಹೋಗಿದೆ.

ಇದರ ಬೆಲೆ ಎಷ್ಟು? ಪಿಂಚಣಿ ಲೆಕ್ಕ ಹೀಗೆ: ಕೊನೆಯ 60 ತಿಂಗಳ ಸರಾಸರಿ ಪಿಂಚಣಿ ವೇತನವನ್ನು (ಬೇಸಿಕ್ ಮತ್ತು ಡಿಎ, 15,000ದ ಮಿತಿಯೊಳಗೆ) ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸರಾಸರಿ 15,000 ಇದ್ದರೆ 6 ವರ್ಷದ ಸೇವೆಗೆ ತಿಂಗಳಿಗೆ ಸುಮಾರು 1,285 ರೂಪಾಯಿ, ಬದುಕಿರುವವರೆಗೂ. ಕಾಂಟ್ರಾಕ್ಟ್ ಕಾಲದಲ್ಲಿ ಸಂಬಳ ಹತ್ತೇ ಸಾವಿರ ಇದ್ದಿರಬಹುದು, ಆದರೂ ಆ ವರ್ಷಗಳು ಕೊನೆಯ ಸರಾಸರಿ ವೇತನದ ಲೆಕ್ಕದಲ್ಲೇ ಸೇರುತ್ತವೆ. ಕಡಿಮೆ ಸಂಬಳದ ವರ್ಷಗಳಿಗೂ ಪೂರ್ತಿ ಬೆಲೆ ಸಿಗುವ ಅಪರೂಪದ ಜಾಗ ಇದು. ಅದೂ ಅಲ್ಲದೆ ಪಿಂಚಣಿ ಸಿಗಬೇಕಾದರೆ ಕನಿಷ್ಠ 10 ವರ್ಷ ಸೇವೆ ಬೇಕು. ನಲವತ್ತೊಂಬತ್ತು ಐವತ್ತರ ವಯಸ್ಸಿನಲ್ಲಿ ಖಾಯಂ ಆದವರು ಕಾಂಟ್ರಾಕ್ಟ್ ವರ್ಷಗಳನ್ನು ಸೇರಿಸಿಕೊಳ್ಳದಿದ್ದರೆ 58ಕ್ಕೆ ಹತ್ತು ವರ್ಷ ತುಂಬುವುದೇ ಇಲ್ಲ.

ಸರಿಯಾಗಿದೆಯಾ ಎಂದು ನೋಡುವ ದಾರಿ ಸುಲಭ. ಪೋರ್ಟಲ್‌ನಲ್ಲಿ ‘ವ್ಯೂ’ ಒತ್ತಿ ‘ಸರ್ವಿಸ್ ಹಿಸ್ಟರಿ’ ತೆರೆದರೆ ದುಡಿದ ಒಂದೊಂದು ಸಂಸ್ಥೆಗೂ ಒಂದೊಂದು ಸಾಲು. ಪ್ರತಿ ಸಾಲಿನಲ್ಲಿ ಪಿಎಫ್‌ಗೆ ಸೇರಿದ ಮತ್ತು ಬಿಟ್ಟ ದಿನಾಂಕ, ಇಪಿಎಸ್‌ಗೆ ಸೇರಿದ ಮತ್ತು ಬಿಟ್ಟ ದಿನಾಂಕ ಬೇರೆ ಬೇರೆ ಇರುತ್ತವೆ. ಹೊಸ ಕಂಪನಿಯ ಸಾಲಿನಲ್ಲಿ ಇಪಿಎಸ್‌ಗೆ ಸೇರಿದ ದಿನಾಂಕ ಖಾಲಿ ಇದ್ದರೆ ಅಥವಾ ‘ನಾಟ್ ಅವೈಲಬಲ್’ ಎಂದಿದ್ದರೆ ಅಂದೇ ಎಚ್‌ಆರ್‌ಗೆ ಬರಹದಲ್ಲಿ ತಿಳಿಸಿ, ಹಳೇ ಪಾಸ್‌ಬುಕ್‌ನಲ್ಲಿ ಪಿಂಚಣಿ ಕಾಲಂ ಇರುವ ಪುಟ ಲಗತ್ತಿಸಿ. ಒಂದೆರಡು ತಿಂಗಳಲ್ಲಿ ಹಿಡಿದರೆ ತಿದ್ದುವುದು ಹಗುರ. ವರ್ಷಗಟ್ಟಲೆ ಬಿಟ್ಟರೆ ಕಂಪನಿ ಪಿಎಫ್ ಕಚೇರಿಗೆ ಬರೆದು, ಖಾತೆ 1ರಲ್ಲಿ, ಅಂದರೆ ಪಿಎಫ್‌ನಲ್ಲಿ ತಪ್ಪಾಗಿ ಬಿದ್ದ ಹಣವನ್ನು ಬಡ್ಡಿ ಸಮೇತ ಪಿಂಚಣಿಯ ಖಾತೆ 10ಕ್ಕೆ ಹಾಕಿಸಬೇಕಾಗುತ್ತದೆ. ಅದು ಫೈಲು ಮೇಲಿಂದ ಕೆಳಗೆ ಓಡಾಡುವ ಕೆಲಸ.

ಇಲ್ಲೇ ಪೋರ್ಟಲ್ ಮೇಲೆ ನಮ್ಮ ದೊಡ್ಡ ಆಕ್ಷೇಪ. ಒಂದೇ ಯುಎಎನ್‌ನಲ್ಲಿ ಹಳೇ ಐಡಿಗೆ ಇಪಿಎಸ್ ಇದೆ, ಹೊಸದಕ್ಕೆ ಇಲ್ಲ ಎಂಬುದು ಅದೇ ಪರದೆಯ ಮೇಲೆ ಕಾಣುತ್ತಿರುತ್ತದೆ. ಆದರೂ ಸದಸ್ಯರಿಗೆ ಒಂದು ಎಸ್‌ಎಂಎಸ್ ಬರುವುದಿಲ್ಲ. ವರ್ಗಾವಣೆ ಅರ್ಜಿಯೂ ಏನೂ ಕೇಳದೆ ಮುಂದೆ ಹೋಗುತ್ತದೆ.

ಇನ್ನು ಅರ್ಜಿಯ ವಿಷಯ. ಅದಕ್ಕೆ ಮುನ್ನ ಮೂರು ಸಂಗತಿ ಸರಿ ಇರಬೇಕು: ಹೆಸರು, ಹುಟ್ಟಿದ ದಿನಾಂಕ, ಹಳೇ ಕೆಲಸ ಬಿಟ್ಟ ದಿನಾಂಕ.

ನಮ್ಮ ಕಡೆಯ ಹೆಸರುಗಳು ಇನಿಷಿಯಲ್‌ನಿಂದಲೇ ತೊಡಕಾಗುತ್ತವೆ. ಕಾಂಟ್ರಾಕ್ಟರನ ಗುಮಾಸ್ತ ‘ಮಂಜುನಾಥ ಆರ್’ ಎಂದು ಹಾಕಿರುತ್ತಾನೆ, ಆಧಾರ್‌ನಲ್ಲಿ ‘ಮಂಜುನಾಥ್ ರಾಮಪ್ಪ’ ಇರುತ್ತದೆ, ಪ್ಯಾನ್‌ನಲ್ಲಿ ಮೂರನೇ ರೂಪ. ಹುಟ್ಟಿದ ದಿನಾಂಕದ ಕಥೆಯೂ ಹಾಗೇ: ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಮಾರ್ಕ್ಸ್‌ಕಾರ್ಡ್‌ನಲ್ಲಿ, ಜನವರಿ 1 ಆಧಾರ್‌ನಲ್ಲಿ. ಪಿಎಫ್‌ಗೆ ಆಧಾರೇ ಪ್ರಮಾಣ. ಆದ್ದರಿಂದ ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಪಿಎಫ್ ತಿದ್ದಿ. ಉಲ್ಟಾ ಮಾಡಿದರೆ ಎರಡು ಸಲ ತಿದ್ದಬೇಕಾಗುತ್ತದೆ. 2017ರ ಅಕ್ಟೋಬರ್ 1ರ ನಂತರದ, ಆಧಾರ್‌ನಿಂದ ದೃಢಪಟ್ಟ ಯುಎಎನ್ ಇದ್ದವರು ಹೆಸರು, ಹುಟ್ಟಿದ ದಿನಾಂಕ, ತಂದೆ ತಾಯಿ ಹೆಸರು, ವೈವಾಹಿಕ ಸ್ಥಿತಿ, ಸೇರಿದ ಮತ್ತು ಬಿಟ್ಟ ದಿನಾಂಕಗಳನ್ನು ಮಾಲೀಕರ ಒಪ್ಪಿಗೆ ಇಲ್ಲದೆಯೇ ಪೋರ್ಟಲ್‌ನಲ್ಲಿ ತಿದ್ದಿಕೊಳ್ಳಬಹುದು. ಹಳೇ ಯುಎಎನ್‌ನವರಿಗೆ ಮಾಲೀಕರ ಮೂಲಕ ಹೋಗುವ ಜಾಯಿಂಟ್ ಡಿಕ್ಲರೇಷನ್ನೇ ಗತಿ.

ಬಿಟ್ಟ ದಿನಾಂಕವನ್ನು ಕಾಂಟ್ರಾಕ್ಟರ್ ಹಾಕದೆ ಬಿಡುವುದು ತೀರಾ ಮಾಮೂಲಿ. ಕಾಯಬೇಕಾಗಿಲ್ಲ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ‘ಮ್ಯಾನೇಜ್’ನಲ್ಲಿ ‘ಮಾರ್ಕ್ ಎಕ್ಸಿಟ್’ ತೆರೆದು ನೀವೇ ಹಾಕಬಹುದು. ಹಳೇ ಸಂಸ್ಥೆಯನ್ನು ಆರಿಸಿ, ಕಾರಣದಲ್ಲಿ ‘ಸೆಸೇಷನ್, ಶಾರ್ಟ್ ಸರ್ವಿಸ್’ ಆರಿಸಿ, ಕೊನೆಯ ವಂತಿಗೆಯ ತಿಂಗಳೊಳಗಿನ ದಿನಾಂಕ ಕೊಟ್ಟು, ಆಧಾರ್ ಒಟಿಪಿ ಹಾಕಿದರೆ ಮುಗಿಯಿತು. ದಿನಾಂಕ ಒತ್ತುವಾಗ ಎಚ್ಚರ: ಒಮ್ಮೆ ಹೋದರೆ ಅಲ್ಲೇ ತಿದ್ದಲು ಬರುವುದಿಲ್ಲ. ಖಾಯಂ ಆರ್ಡರ್‌ನಲ್ಲಿ ಜುಲೈ 1ರಿಂದ ಎಂದಿದ್ದರೆ ಹಳೆಯದಕ್ಕೆ ಜೂನ್ 30 ಹಾಕುವುದು ಒಳ್ಳೆಯದು, ಆಗ ಸೇವೆಯಲ್ಲಿ ಸಂದೂ ಇರುವುದಿಲ್ಲ, ಒಂದರ ಮೇಲೊಂದು ಬೀಳುವುದೂ ಇಲ್ಲ. ಕಾಂಟ್ರಾಕ್ಟರ್ ಆಗಲೇ ತಪ್ಪಾಗಿ ಹಾಕಿ ಎರಡೂ ಸೇವೆ ಕೆಲವು ದಿನ ಒಟ್ಟಿಗೆ ಓಡಿದಂತೆ ಕಂಡರೆ ಗಾಬರಿ ಬೇಡ. ಅದೊಂದೇ ಕಾರಣಕ್ಕೆ ವರ್ಗಾವಣೆ ತಿರಸ್ಕರಿಸಬಾರದೆಂದು 2025ರ ಮೇ ತಿಂಗಳಲ್ಲಿ ಇಪಿಎಫ್‌ಒ ತನ್ನ ಕಚೇರಿಗಳಿಗೆ ಸೂಚಿಸಿದೆ.

ಹೊಸ ಐಡಿಯಲ್ಲಿ ಮೊದಲ ವಂತಿಗೆ ಬಿದ್ದ ಮೇಲೆ ಅರ್ಜಿ ಹಾಕಿ. ಎಷ್ಟೋ ಜನರಿಗೆ, ಎಲ್ಲ ವಿವರ ಹೊಂದಿದರೆ, ಅರ್ಜಿ ಹಾಕುವ ಮೊದಲೇ ವರ್ಗಾವಣೆ ತಾನಾಗಿ ಶುರುವಾಗಿರುತ್ತದೆ. ಆದ್ದರಿಂದ ‘ಟ್ರ್ಯಾಕ್ ಕ್ಲೇಮ್ ಸ್ಟೇಟಸ್’ ಒಮ್ಮೆ ನೋಡುವುದು ಮೇಲು. ಅಲ್ಲಿ ಏನೂ ಇಲ್ಲದಿದ್ದರೆ ‘ಆನ್‌ಲೈನ್ ಸರ್ವಿಸಸ್’ ಪಟ್ಟಿಯಲ್ಲಿ ‘ಒನ್ ಮೆಂಬರ್ ಒನ್ ಇಪಿಎಫ್ ಅಕೌಂಟ್’ ತೆರೆಯಿರಿ. ಮೇಲ್ಗಡೆ ನಿಮ್ಮ ವಿವರ ಮತ್ತು ಈಗಿನ ಖಾತೆ ಕಾಣುತ್ತದೆ. ಕೆಳಗೆ ‘ಗೆಟ್ ಡೀಟೇಲ್ಸ್’ ಒತ್ತಿದರೆ ಹಳೇ ಐಡಿಗಳೆಲ್ಲ ಬರುತ್ತವೆ. ಏಜೆನ್ಸಿ ಮೂರು ಸಲ ಬದಲಾಗಿದ್ದರೆ ಐಡಿಯೂ ಮೂರು ಇರುತ್ತದೆ, ಒಂದೊಂದಕ್ಕೂ ಬೇರೆ ಬೇರೆ ಅರ್ಜಿ ಬೇಕು. ಜನ ಕೊನೆಯದನ್ನು ಮಾತ್ರ ತಂದು ಹಿಂದಿನ ಎರಡನ್ನು ಮರೆಯುತ್ತಾರೆ. ಒಟಿಪಿ ಹಾಕಿ ಸಲ್ಲಿಸಿದ ಮೇಲೆ ಬರುವ ಟ್ರ್ಯಾಕಿಂಗ್ ಐಡಿ ಬರೆದಿಟ್ಟುಕೊಳ್ಳಿ. ಸೈಬರ್ ಸೆಂಟರ್‌ನಲ್ಲಿ ಮಾಡಿಸುವವರು ಪಾಸ್‌ವರ್ಡ್ ಅವರ ಕಂಪ್ಯೂಟರ್‌ನಲ್ಲಿ ಉಳಿಯದಂತೆ ನೋಡಿಕೊಳ್ಳಬೇಕು, ಯುಎಎನ್‌ಗೆ ಅಂಗಡಿಯವರ ಮೊಬೈಲ್ ನಂಬರ್ ಜೋಡಿಸಲು ಮಾತ್ರ ಯಾವತ್ತೂ ಬಿಡಬಾರದು.

ವರ್ಗಾವಣೆ ಮುಗಿದ ಮೇಲೆ ಪಾಸ್‌ಬುಕ್ ಓದುವುದರಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಹಳೇ ಐಡಿಯಲ್ಲಿ ದುಡ್ಡು ಹೊರಹೋದ ಸಾಲು, ಹೊಸದರಲ್ಲಿ ಒಳಬಂದ ಸಾಲು ಇರುತ್ತದೆ. ಒಳಬಂದ ಸಾಲಿನಲ್ಲಿ ನೌಕರರ ಪಾಲು, ಮಾಲೀಕರ ಪಾಲು ಎರಡೂ ತುಂಬಿರುತ್ತವೆ, ಪಿಂಚಣಿ ಕಾಲಂನಲ್ಲಿ ಸೊನ್ನೆ. ಪಿಂಚಣಿ ದುಡ್ಡು ಎಲ್ಲಿಗೆ ಹೋಯಿತು ಎಂದು ಹೆದರಬೇಕಾಗಿಲ್ಲ. ಪಿಂಚಣಿ ಸಿಗುವುದು ಸೇವೆಯ ವರ್ಷಗಳ ಲೆಕ್ಕದಲ್ಲಿ, ಹಾಗಾಗಿ ಅಲ್ಲಿ ಮೊತ್ತ ವರ್ಗವಾಗುವುದಿಲ್ಲ, ಸೇವಾವಧಿ ಮಾತ್ರ ವರ್ಗವಾಗುತ್ತದೆ. ಆ ಸೇವಾವಧಿ ಬಂದಿತೇ ಎಂದು ತಿಳಿಯಲು ಅನೆಕ್ಷರ್ ಕೆ ಎಂಬ ವರ್ಗಾವಣೆ ಪತ್ರ ನೋಡಬೇಕು. 2025ರ ಸೆಪ್ಟೆಂಬರ್‌ನಿಂದ ಅದನ್ನು ಪೋರ್ಟಲ್‌ನಲ್ಲೇ ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಮುದ್ರಿಸಿ ಖಾಯಂ ಆರ್ಡರ್ ಜೊತೆಗೇ ಇಡಿ. ಮುಂದೆ ಪಿಂಚಣಿ ಅರ್ಜಿ ಹಾಕುವ ದಿನ ಕಾಂಟ್ರಾಕ್ಟರನ ಏಜೆನ್ಸಿಯೇ ಇಲ್ಲದಿರಬಹುದು, ಈ ಕಾಗದ ಇರುತ್ತದೆ.

ಖಾತೆಯಲ್ಲಿ ಎಷ್ಟು ದುಡ್ಡಿದೆ ಎಂದು ನೋಡುವುದಕ್ಕೆ ಪೋರ್ಟಲ್‌ಗಿಂತ ಎಸ್‌ಎಂಎಸ್ ಸುಲಭ. ಯುಎಎನ್‌ಗೆ ಜೋಡಿಸಿದ ಮೊಬೈಲ್‌ನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೂ ಆಯಿತು, 7738299899ಕ್ಕೆ ಕನ್ನಡದ ಸಂಕೇತ ಸೇರಿಸಿ (EPFOHO UAN KAN) ಸಂದೇಶ ಕಳಿಸಿದರೆ ಉತ್ತರ ಕನ್ನಡದಲ್ಲೇ ಬರುತ್ತದೆ. ಎಸ್‌ಎಂಎಸ್‌ಗೆ ಬರುವ ಕನ್ನಡ ಪೋರ್ಟಲ್‌ನ ಪರದೆಗೂ ಬರಬೇಕು. ಪೀಣ್ಯ, ಬೊಮ್ಮಸಂದ್ರ, ಹಾರೋಹಳ್ಳಿಯ ಲೈನ್‌ಗಳಲ್ಲಿ ದುಡಿಯುವವರು ತಮ್ಮದೇ ದುಡ್ಡಿನ ಲೆಕ್ಕ ಓದಲು ಇನ್ನೊಬ್ಬರನ್ನು ಕೇಳುವಂತಾಗಬಾರದು.

ವರ್ಗಾಯಿಸುವ ಬದಲು ಹಳೇ ಪಿಎಫ್ ತೆಗೆದುಬಿಡಿ ಎಂದು ಸಲಹೆ ಕೊಡುವವರು ಗೇಟಿನ ಹೊರಗೆ ಬೇಕಾದಷ್ಟು ಸಿಗುತ್ತಾರೆ, ಅದರಲ್ಲಿ ಅವರಿಗೆ ಕಮಿಷನ್ ಇದೆ. ಅಂತಿಮ ಹಣ ತೆಗೆಯುವುದು ಕೆಲಸ ಇಲ್ಲದವರಿಗೆ ಇರುವ ಅವಕಾಶ. ಪಿಎಫ್ ಇರುವ ಇನ್ನೊಂದು ಕೆಲಸದಲ್ಲಿದ್ದುಕೊಂಡು ‘ನಿರುದ್ಯೋಗಿ’ ಎಂದು ಅರ್ಜಿ ಹಾಕುವುದು ಸುಳ್ಳು ಘೋಷಣೆ. ನಷ್ಟವೂ ಎರಡು ಕಡೆಯಿಂದ ಬರುತ್ತದೆ. ಒಟ್ಟು ಸೇವೆ ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಮೊತ್ತ 50,000 ಮುಟ್ಟಿದರೆ ಪ್ಯಾನ್ ಇದ್ದವರಿಗೂ 10% ಟಿಡಿಎಸ್ ಮುರಿದುಕೊಳ್ಳುತ್ತಾರೆ. ವರ್ಗಾಯಿಸಿದರೆ ಕಾಂಟ್ರಾಕ್ಟ್‌ನ ಮೂರು ವರ್ಷ, ಖಾಯಂನ ಎರಡು ವರ್ಷ ಕೂಡಿ ಐದಾಗುತ್ತದೆ. ಇನ್ನು ಫಾರ್ಮ್ 10ಸಿ ಹಾಕಿ ಪಿಂಚಣಿ ಪಾಲನ್ನೂ ತೆಗೆದರೆ ಆರು ವರ್ಷದ ಸೇವೆಗೆ ಸಿಗುವುದು ಆರು ತಿಂಗಳ ಸಂಬಳದ ಆಸುಪಾಸಿನ ಮೊತ್ತ, ಹೋಗುವುದು ಇಪಿಎಸ್ ಸದಸ್ಯತ್ವವೇ. ಹೊಸ ಬೇಸಿಕ್ 15,000 ದಾಟಿದ್ದರೆ ಅಂಥವರು ಮತ್ತೆ ಪಿಂಚಣಿ ಯೋಜನೆಗೆ ಸೇರಲು ಆಗುವುದಿಲ್ಲ. ಮನೆಯಲ್ಲಿ ಕಾಯಿಲೆ, ಮದುವೆ ಅಂತ ದುಡ್ಡು ಬೇಕಾದವರು ವರ್ಗಾವಣೆ ಮುಗಿಸಿ ಅಡ್ವಾನ್ಸ್ ಕೇಳುವುದು ಸರಿಯಾದ ದಾರಿ. ಅಡ್ವಾನ್ಸ್‌ಗೆ ಮೊದಲು ಬ್ಯಾಂಕ್ ವಿವರ ನೋಡಿ. ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಇವೆಲ್ಲ 2017ರಿಂದ 2020ರೊಳಗೆ ಬೇರೆ ಬ್ಯಾಂಕ್‌ಗಳಲ್ಲಿ ವಿಲೀನವಾಗಿವೆ. ಹಳೇ ಐಎಫ್‌ಎಸ್‌ಸಿ ಪಿಎಫ್ ಕೆವೈಸಿಯಲ್ಲಿ ಹಾಗೇ ಉಳಿದಿದ್ದರೆ ಕ್ಲೇಮ್ ವಾಪಸ್ ಬರುತ್ತದೆ.

ಪಾಸ್‌ಬುಕ್‌ನಲ್ಲಿ ತಿಂಗಳುಗಳೇ ಇಲ್ಲದಿದ್ದರೆ ಅದನ್ನು ವರ್ಗಾವಣೆ ಸೇವೆ ಸರಿಮಾಡಲಾರದು. ಪೇ ಸ್ಲಿಪ್‌ನಲ್ಲಿ ಪಿಎಫ್ ಕಡಿದು ಕಾಂಟ್ರಾಕ್ಟರ್ ಕಟ್ಟದೆ ಬಿಟ್ಟಿರುತ್ತಾನೆ. ಇಪಿಎಫ್‌ಒ ತಾಣದ ‘ಎಸ್ಟಾಬ್ಲಿಷ್‌ಮೆಂಟ್ ಸರ್ಚ್’ನಲ್ಲಿ ಕಾಂಟ್ರಾಕ್ಟರನ ಸಂಸ್ಥೆಯ ಹೆಸರು ಅಥವಾ ಕೋಡ್ ಹಾಕಿದರೆ ಯಾವ ತಿಂಗಳು ಎಷ್ಟು ಜನರಿಗೆ ಎಷ್ಟು ಕಟ್ಟಿದ್ದಾನೆ ಎಂಬುದು ಲಾಗಿನ್ ಇಲ್ಲದೆಯೇ ಕಾಣುತ್ತದೆ. ಹೆಚ್ಚು ಜನರಿಗೆ ಗೊತ್ತಿಲ್ಲದ, ಬಹಳ ಉಪಯೋಗದ ಸೌಲಭ್ಯ. ಕಟ್ಟಿಲ್ಲ ಎಂದು ಖಚಿತವಾದರೆ ಕಂಪನಿಯನ್ನು ಕೇಳುವ ಹಕ್ಕು ನಿಮಗಿದೆ: ಕಾಂಟ್ರಾಕ್ಟ್ ನೌಕರರ ವಂತಿಗೆಗೂ ಮೂಲ ಮಾಲೀಕರೇ, ಅಂದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಹೊಣೆ ಎಂದು ಪಿಎಫ್ ಯೋಜನೆಯಲ್ಲಿ ಸ್ಪಷ್ಟವಾಗಿದೆ. ಪೇ ಸ್ಲಿಪ್‌ಗಳನ್ನು ಬಿಸಾಡದೆ ಇಟ್ಟವರಿಗೆ ಇಲ್ಲಿ ಬಲ ಬರುತ್ತದೆ.

ಸ್ವಂತ ಪಿಎಫ್ ಟ್ರಸ್ಟ್ ಇರುವ ದೊಡ್ಡ ಕಂಪನಿಗಳಲ್ಲಿ ಖಾಯಂ ಆದವರ ದುಡ್ಡು ಆ ಟ್ರಸ್ಟ್‌ಗೆ ಹೋಗುತ್ತದೆ. ಆಮೇಲಿನ ಬಾಕಿ ಇಪಿಎಫ್‌ಒ ಪಾಸ್‌ಬುಕ್‌ನಲ್ಲಿ ಕಾಣುವುದಿಲ್ಲ, ಕಂಪನಿಯ ಸ್ಲಿಪ್‌ನಲ್ಲೇ ನೋಡಬೇಕು.

ಈ ವರ್ಗಾವಣೆಯಿಂದ ಗ್ರಾಚ್ಯುಟಿ ಬರುವುದಿಲ್ಲ ಎಂಬುದೂ ತಿಳಿದಿರಲಿ. ಕಾಂಟ್ರಾಕ್ಟ್ ವರ್ಷಗಳು ಕಂಪನಿಯ ಗ್ರಾಚ್ಯುಟಿಗೆ ಸೇರಬೇಕಾದರೆ ಖಾಯಂ ಆರ್ಡರ್‌ನಲ್ಲೋ ಯೂನಿಯನ್ ಒಪ್ಪಂದದಲ್ಲೋ ಹಾಗೆ ಬರೆದಿರಬೇಕು. ಇಎಸ್‌ಐ ಕೂಡ ಬೇರೆಯೇ: ಹೊಸ ಸಂಬಳ 21,000 ರೂಪಾಯಿಯೊಳಗೆ ಇದ್ದರೆ ಹಳೇ ಹತ್ತು ಅಂಕಿಯ ಇಎಸ್‌ಐ ನಂಬರನ್ನೇ ಎಚ್‌ಆರ್‌ಗೆ ಕೊಡಿ. ದಾಟಿದರೆ ಕಂಪನಿಯ ಮೆಡಿಕಲ್ ಇನ್ಶೂರೆನ್ಸ್ ಯಾವ ದಿನದಿಂದ ಶುರು ಎಂದು ಸಹಿಗೆ ಮುಂಚೆಯೇ ಕೇಳಿ.

ಅರ್ಜಿ ತಿರಸ್ಕಾರವಾದರೆ ಕಾರಣ ಓದದೆ ಅದನ್ನೇ ಮತ್ತೆ ಹಾಕಬೇಡಿ. ಹೆಚ್ಚಿನವು ಹೆಸರು, ದಿನಾಂಕದ ವ್ಯತ್ಯಾಸ ಇಲ್ಲವೇ ಬಿಟ್ಟ ದಿನಾಂಕ ಖಾಲಿ ಇರುವುದರಿಂದ ಬಂದಿರುತ್ತವೆ. ಎಲ್ಲ ಸರಿ ಇದ್ದೂ ನಿಂತಿದ್ದರೆ ಇಪಿಎಫ್‌ಒದ ಐಜಿಎಂಎಸ್ ದೂರು ತಾಣದಲ್ಲಿ ಟ್ರ್ಯಾಕಿಂಗ್ ಐಡಿ ಹಾಕಿ, ಪಾಸ್‌ಬುಕ್ ಮತ್ತು ಸರ್ವಿಸ್ ಹಿಸ್ಟರಿ ಲಗತ್ತಿಸಿ ದೂರು ಕೊಡಿ. ದೂರು ಹಳೇ ಐಡಿ ಇರುವ ಕಚೇರಿಗೆ ಹೋಗುವಂತೆ ಆ ಮೆಂಬರ್ ಐಡಿಯನ್ನೇ ಆರಿಸಬೇಕು, ಹೊಸದನ್ನು ಆರಿಸಿದರೆ ‘ನಮ್ಮದಲ್ಲ’ ಎಂದು ಮುಚ್ಚಿಬಿಡುತ್ತಾರೆ. ಬರೆಯಲು ಕಷ್ಟ ಇರುವವರಿಗೆ ಪ್ರತಿ ತಿಂಗಳು 27ಕ್ಕೆ ಜಿಲ್ಲೆ ಜಿಲ್ಲೆಯಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಯುತ್ತದೆ, ಅಧಿಕಾರಿಗಳು ಎದುರಿಗೇ ಸಿಗುತ್ತಾರೆ. ಆಧಾರ್, ಫಾರ್ಮ್ 11ರ ಫೋಟೋ, ಖಾಯಂ ಆರ್ಡರ್, ಹಳೇ ಮತ್ತು ಹೊಸ ಪಾಸ್‌ಬುಕ್ ಇಷ್ಟನ್ನು ಒಯ್ದು, ಪಿಂಚಣಿ ಸೇವೆ ಸೇರಿದೆಯೇ ಎಂಬುದನ್ನು ಮೊದಲು ಕೇಳಿ, ದುಡ್ಡಿನ ಮಾತು ಆಮೇಲೆ ಆಡಿದರಾಯಿತು.